ಅಂಗಡಿ ಬಾಗಿಲು ಹಾಕುವ ಆ ಕೆಲವು ನಿಮಿಷ

ರಾತ್ರಿ ಕಾಫಿ ಅಂಗಡಿ ಮುಚ್ಚುವ ಹೊತ್ತು. ಕೊನೆಯ ಗಿರಾಕಿ ಹೋಗಿಯಾಗಿದೆ. ಶಿಫ್ಟ್ ಸೂಪರ್‌ವೈಸರ್ ಕ್ಲಾಕ್ ಔಟ್ ಮಾಡುತ್ತಾರೆ. ಅಲ್ಲಿಗೆ ಅವರ ಸಂಬಳದ ಲೆಕ್ಕ ನಿಂತಿತು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಇನ್ನೊಂದು ಕಂಪ್ಯೂಟರ್ ಹಿಡಿಯುತ್ತಾರೆ. ದಿನದ ಮಾರಾಟ, ಲಾಭ ನಷ್ಟ, ಉಳಿದ ದಾಸ್ತಾನು, ಎಲ್ಲವನ್ನೂ ಅಲ್ಲಿಂದ ಕಂಪನಿಯ ಕೇಂದ್ರ ಕಚೇರಿಗೆ ಕಳಿಸಬೇಕು. ಕಳಿಸಿ ಆದ ಮೇಲೆ ಅಲಾರಂ ಆನ್ ಮಾಡಬೇಕು. ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಬೇಕು. ಜೊತೆಯಲ್ಲಿ ಕೆಲಸ ಮಾಡಿದವರನ್ನು ಅವರವರ ಕಾರಿನ ತನಕ ಬಿಟ್ಟು ಬರಬೇಕು, ಅದು ಕಂಪನಿಯದ್ದೇ ನಿಯಮ. ಒಂದೊಂದು ದಿನ ಯಾರೋ ಒಳಗೆ ಏನೋ ಬಿಟ್ಟು ಬಂದಿರುತ್ತಾರೆ. ಆಗ ಮತ್ತೆ ಬೀಗ ತೆಗೆಯಬೇಕು. ಇನ್ನೊಂದು ದಿನ ಹೊರಗಿನ ಕುರ್ಚಿ ಮೇಜು ಒಳಗೆ ತರಲು ಮರೆತಿರುತ್ತದೆ. ಯಾರದ್ದೋ ಗಾಡಿ ಬರುವುದು ತಡವಾದರೆ ಅವರ ಜೊತೆ ನಿಂತು ಕಾಯಬೇಕು.

ಇದಕ್ಕೆಲ್ಲ ದಿನಕ್ಕೆ ನಾಲ್ಕರಿಂದ ಹತ್ತು ನಿಮಿಷ ಹಿಡಿಯುತ್ತಿತ್ತು. ಆ ನಿಮಿಷಗಳಿಗೆ ಒಂದು ಪೈಸೆಯೂ ಇಲ್ಲ.

ಇದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಟಾರ್‌ಬಕ್ಸ್‌ನ ಒಂದು ಅಂಗಡಿಯಲ್ಲಿ, 2009ರ ಮಧ್ಯದಿಂದ 2010ರ ಅಕ್ಟೋಬರ್ ತನಕ ನಡೆದ ಸಂಗತಿ. 2012ರಲ್ಲಿ ಆ ಸೂಪರ್‌ವೈಸರ್ ಕೋರ್ಟಿಗೆ ಹೋದರು. ತನಗಷ್ಟೇ ಅಲ್ಲ, ತನ್ನ ಹಾಗೆ ಕ್ಯಾಲಿಫೋರ್ನಿಯಾದ ಅಂಗಡಿಗಳ ಬಾಗಿಲು ಹಾಕುವ ಎಲ್ಲರ ಪರವಾಗಿ ಎಂದು ಕೇಸ್ ಹಾಕಿದರು. ಆರು ವರ್ಷ ಆದ ಮೇಲೆ, 2018ರ ಜುಲೈ 26ರಂದು, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗಂಟೆ ಲೆಕ್ಕದಲ್ಲಿ ದುಡಿಯುವವರ ವಿಷಯದಲ್ಲಿ ನಾನು ಓದಿದ ತೀರ್ಪುಗಳ ಪೈಕಿ ನನಗೆ ತುಂಬಾ ಹತ್ತಿರವಾದದ್ದು ಇದೇ. ಈಗ ಅಲ್ಲಿ ಕ್ಯಾಂಪಸ್ ಕೆಫೆ, ಲೈಬ್ರರಿ, ಅಂಗಡಿ, ಗೋದಾಮುಗಳಲ್ಲಿ ಗಂಟೆ ಲೆಕ್ಕಕ್ಕೆ ನಿಲ್ಲುವ ಕನ್ನಡದವರು ಕಡಿಮೆ ಏನಿಲ್ಲ. ಅವರಿಗೆ ಇದು ಗೊತ್ತಿರಬೇಕು ಎಂದೇ ಬರೆಯುತ್ತಿದ್ದೇನೆ.

ಮೊದಲು ಹಣದ ಲೆಕ್ಕ ನೋಡಿ. ಹದಿನೇಳು ತಿಂಗಳಲ್ಲಿ ಸಂಬಳವಿಲ್ಲದ ಒಟ್ಟು ಸಮಯ ಸುಮಾರು 12 ಗಂಟೆ 50 ನಿಮಿಷ. ಆಗ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ ಗಂಟೆಗೆ 8 ಡಾಲರ್. ಗುಣಿಸಿದರೆ 102 ಡಾಲರ್ 67 ಸೆಂಟ್. ಇಷ್ಟಕ್ಕೆ ಯಾರಾದರೂ ಆರು ವರ್ಷ ಕೋರ್ಟು ಅಲೆಯುತ್ತಾರಾ ಎಂದು ಅನ್ನಿಸಬಹುದು. ಕಂಪನಿಯ ವಾದವೂ ಅಲ್ಲೇ ನಿಂತಿತ್ತು. ಇದು ತೀರಾ ಚಿಲ್ಲರೆ ಸಮಯ, ಇದರ ಲೆಕ್ಕ ಇಡಬೇಕಾಗಿಲ್ಲ ಎಂದು.

ಈ ‘ಚಿಲ್ಲರೆ’ ವಾದಕ್ಕೆ ಕಾನೂನಿನಲ್ಲಿ ಒಂದು ಹಳೆಯ ಲ್ಯಾಟಿನ್ ಹೆಸರಿದೆ, ಡಿ ಮಿನಿಮಿಸ್. ಸಣ್ಣ ಪುಟ್ಟದ್ದಕ್ಕೆ ಕಾನೂನು ತಲೆ ಹಾಕುವುದಿಲ್ಲ ಎಂದರ್ಥ. ಇದು ಸಂಬಳದ ಕಾನೂನಿನೊಳಗೆ ಬಂದದ್ದು ಹೇಗೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಡೀ ಕೇಸಿನ ಗಂಟು ಇರುವುದು ಅಲ್ಲೇ.

ಅಮೆರಿಕದ ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್, 1938ರದ್ದು. ಕನಿಷ್ಠ ವೇತನ, ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಓಟಿ, ಇವೆರಡೂ ಅದರಿಂದ ಬಂದವು. ಆ ಕಾನೂನಿನ ಪ್ರಕಾರ ಮಾಲೀಕ ಹೇಳಿ ಮಾಡಿಸಿದ್ದು ಮಾತ್ರ ಕೆಲಸವಲ್ಲ. ಮಾಡುತ್ತಿರುವುದು ಗೊತ್ತಿದ್ದೂ ಸುಮ್ನೆ ಬಿಟ್ಟರೆ ಅದೂ ಕೆಲಸವೇ. ನಿಯಮಗಳಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ: ಆ ಕೆಲಸ ಬೇಡವಾದರೆ ಅದು ನಡೆಯದ ಹಾಗೆ ನೋಡಿಕೊಳ್ಳುವುದು ಮ್ಯಾನೇಜರ್ ಹೊಣೆ. ಗೋಡೆಯ ಮೇಲೆ ‘ಕ್ಲಾಕ್ ಔಟ್ ಆದ ಮೇಲೆ ಕೆಲಸ ಮಾಡಬಾರದು’ ಎಂದು ಬರೆದು ಅಂಟಿಸಿದರೆ ಸಾಲದು. ಕೆಲಸದ ಫಲ ತೆಗೆದುಕೊಂಡು ಸಂಬಳ ಕೊಡದೆ ಇರುವ ಹಾಗಿಲ್ಲ.

1946ರಲ್ಲಿ ಮಿಷಿಗನ್ ರಾಜ್ಯದ ಮೌಂಟ್ ಕ್ಲೆಮೆನ್ಸ್ ಎಂಬಲ್ಲಿದ್ದ ಒಂದು ಪಿಂಗಾಣಿ ಕಾರ್ಖಾನೆಯ ಕೇಸ್ ದೇಶದ ಸುಪ್ರೀಂ ಕೋರ್ಟಿಗೆ ಬಂತು. ಗೇಟಿನಿಂದ ತಮ್ಮ ಬೆಂಚಿನ ತನಕ ನಡೆಯುವ ಸಮಯ, ಏಪ್ರನ್ ಕಟ್ಟಿಕೊಳ್ಳುವ, ಉಪಕರಣ ಸಿದ್ಧ ಮಾಡಿಕೊಳ್ಳುವ ಸಮಯ, ಇದಕ್ಕೂ ಸಂಬಳ ಬೇಕು ಎಂದು ಕಾರ್ಮಿಕರು ಕೇಳಿದ್ದರು. ಕೋರ್ಟ್ ಅವರ ಕಡೆ ನಿಂತಿತು. ಒಂದು ದೊಡ್ಡ ಮಾತನ್ನೂ ಹೇಳಿತು. ಸಮಯದ ಲೆಕ್ಕ ಇಡಬೇಕಾದವನು ಮಾಲೀಕ. ಅವನು ಸರಿಯಾಗಿ ಇಟ್ಟಿಲ್ಲ ಅಂದರೆ ಅದರ ನಷ್ಟ ಕಾರ್ಮಿಕನ ತಲೆ ಮೇಲೆ ಬೀಳಬಾರದು. ಕಾರ್ಮಿಕ ನ್ಯಾಯವಾದ ಅಂದಾಜು ಕೊಟ್ಟರೆ ಸಾಕು, ಅದು ತಪ್ಪು ಎಂದು ತೋರಿಸುವ ಭಾರ ಮಾಲೀಕನದು. ಇವತ್ತಿಗೂ ಈ ಮಾತು ಜೀವಂತವಾಗಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಸಾಲೂ ಇತ್ತು. ಕೆಲವು ಸೆಕೆಂಡು, ಕೆಲವು ನಿಮಿಷಗಳ ಚಿಲ್ಲರೆಯನ್ನು ಬಿಟ್ಟುಬಿಡಬಹುದು ಎಂದು. ಗೋಡೆ ಗಡಿಯಾರ, ಪಂಚ್ ಕಾರ್ಡ್ ಇದ್ದ ಕಾಲ ಅದು. ನಿಮಿಷ ನಿಮಿಷದ ಲೆಕ್ಕ ನಿಜವಾಗಿಯೂ ಕಷ್ಟವಿತ್ತು.

ಆ ತೀರ್ಪಿನ ಬೆನ್ನಿಗೇ ದೇಶದ ತುಂಬ ಕೇಸುಗಳು ಬಿದ್ದವು. ಕಾರ್ಖಾನೆ ಮಾಲೀಕರು ಗಾಬರಿಯಾದರು. 1947ರಲ್ಲಿ ಸಂಸತ್ತು ಪೋರ್ಟಲ್ ಟು ಪೋರ್ಟಲ್ ಆ್ಯಕ್ಟ್ ಎಂಬ ಕಾನೂನು ತಂದು, ಕೆಲಸದ ಜಾಗಕ್ಕೆ ನಡೆಯುವುದು, ಮುಖ್ಯ ಕೆಲಸಕ್ಕೆ ಮೊದಲಿನ ಮತ್ತು ನಂತರದ ಕೆಲವು ಚಟುವಟಿಕೆಗಳು, ಇವನ್ನೆಲ್ಲ ಸಂಬಳದ ಲೆಕ್ಕದಿಂದ ತೆಗೆದುಹಾಕಿತು. ಚಿಲ್ಲರೆಯ ಸಾಲು ಮಾತ್ರ ಹಾಗೇ ಉಳಿಯಿತು, ಬೆಳೆಯಿತು ಕೂಡ. 1984ರಲ್ಲಿ ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿ ಕೋರ್ಟ್ ಜಲವಿದ್ಯುತ್ ಕೇಂದ್ರದ ನೌಕರರ ಕೇಸ್ ಒಂದನ್ನು ತೀರ್ಮಾನಿಸಿತು. ಅವರು ದಿನಾ ಏಳೆಂಟು ನಿಮಿಷ ಮೊದಲೇ ಬಂದು ಲಾಗ್ ಪುಸ್ತಕ ಓದಿ, ಹಿಂದಿನ ಶಿಫ್ಟಿನವರಿಂದ ವಿಷಯ ತಿಳಿದುಕೊಳ್ಳುತ್ತಿದ್ದರು. ಆ ಸಮಯ ಕೆಲಸವೇ ಹೌದು, ಆದರೆ ಚಿಲ್ಲರೆ ಎಂದು ಕೋರ್ಟ್ ಬಿಟ್ಟಿತು. ಲೆಕ್ಕ ಇಡುವುದು ಎಷ್ಟು ಕಷ್ಟ, ಒಟ್ಟು ಎಷ್ಟಾಗುತ್ತದೆ, ಎಷ್ಟು ನಿಯಮಿತವಾಗಿ ನಡೆಯುತ್ತದೆ ಎಂದು ಮೂರು ಪ್ರಶ್ನೆ ಕೇಳಬೇಕು ಅಂದಿತು. ನಡೆದದ್ದು ಮಾತ್ರ ಬೇರೆ. ಹತ್ತು ನಿಮಿಷದ ಒಳಗಿದ್ದರೆ ಚಿಲ್ಲರೆ ಎಂಬ ಅಭ್ಯಾಸ ಕೋರ್ಟುಗಳಲ್ಲಿ ಬೇರೂರಿತು.

ಕಾಫಿ ಅಂಗಡಿಯ ಕೇಸ್ ಸಿಕ್ಕಿ ಬಿದ್ದದ್ದೂ ಈ ಹತ್ತು ನಿಮಿಷದ ಬಲೆಯಲ್ಲಿ. ಲಾಸ್ ಏಂಜಲಿಸ್‌ನ ರಾಜ್ಯ ಕೋರ್ಟಿನಲ್ಲಿ ಹಾಕಿದ್ದ ಕೇಸನ್ನು ಕಂಪನಿ ಫೆಡರಲ್ ಕೋರ್ಟಿಗೆ ಸಾಗಿಸಿತು. ಅಲ್ಲಿನ ಜಿಲ್ಲಾ ಕೋರ್ಟ್, ಎಲ್ಲ ಸೇರಿಸಿದರೂ ದಿನಕ್ಕೆ ಹತ್ತು ನಿಮಿಷ ದಾಟುವುದಿಲ್ಲ, ಹಾಗಾಗಿ ಚಿಲ್ಲರೆ ಎಂದು ವಿಚಾರಣೆಗೂ ಬಿಡದೆ ಕೇಸ್ ಮುಗಿಸಿತು. ಮೇಲ್ಮನವಿ ಹೋಯಿತು. ಮೇಲ್ಮನವಿ ಕೋರ್ಟಿಗೆ ಒಂದು ಅನುಮಾನ ಬಂತು. ಹಕ್ಕು ಕೇಳುತ್ತಿರುವುದು ಕ್ಯಾಲಿಫೋರ್ನಿಯಾದ ಕಾನೂನಿನಡಿ. ಫೆಡರಲ್ ಕಾನೂನಿನ ಚಿಲ್ಲರೆ ನಿಯಮ ಅಲ್ಲೂ ನಡೆಯುತ್ತದಾ? ಇದನ್ನು ನೀವೇ ಹೇಳಿ ಎಂದು ರಾಜ್ಯದ ಸುಪ್ರೀಂ ಕೋರ್ಟನ್ನೇ ಕೇಳಿತು.

ನ್ಯಾಯಮೂರ್ತಿ ಗುಡ್ವಿನ್ ಲಿಯು ಬರೆದ ಉತ್ತರ ನೇರವಾಗಿದೆ. ಫೆಡರಲ್ ಚಿಲ್ಲರೆ ನಿಯಮವನ್ನು ಕ್ಯಾಲಿಫೋರ್ನಿಯಾ ಯಾವತ್ತೂ ತನ್ನದಾಗಿ ಮಾಡಿಕೊಂಡಿಲ್ಲ. ರಾಜ್ಯದ ವೇತನ ಆದೇಶದಲ್ಲಿ (ಸಂಬಳ, ಕೆಲಸದ ಗಂಟೆಗಳ ಬಗ್ಗೆ ರಾಜ್ಯ ಮಾಡಿದ ನಿಯಮಗಳು) ‘ಕೆಲಸದ ಸಮಯ’ ಅಂದರೆ ಮಾಲೀಕನ ಹತೋಟಿಯಲ್ಲಿರುವ ಎಲ್ಲ ಸಮಯ, ಜೊತೆಗೆ ಕೆಲಸ ಮಾಡಲು ಬಿಟ್ಟ ಎಲ್ಲ ಸಮಯ. ‘ಎಲ್ಲ’ ಅಂದರೆ ಎಲ್ಲ. ಅಲ್ಲಿ ದಿನಕ್ಕೆ 8 ಗಂಟೆ ದಾಟಿದರೂ ಓಟಿ ಬರುತ್ತದೆ. ದೇಶದ ಕಾನೂನಿಗಿಂತ ಜಾಸ್ತಿ ರಕ್ಷಣೆ ಕೊಡಬೇಕೆಂದೇ ಆ ರಾಜ್ಯ ಮೊದಲಿನಿಂದ ನಿಯಮ ಬರೆದಿದೆ.

ಎರಡನೇ ಪ್ರಶ್ನೆ ಸ್ವಲ್ಪ ಜಟಿಲ. ‘ಕಾನೂನು ಚಿಲ್ಲರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲು ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್‌ನಲ್ಲೂ ಇದೆ. ಅದನ್ನು ಸಂಬಳಕ್ಕೆ ಹಾಕಬಹುದಾ? ಈ ಕೇಸಿನಲ್ಲಿ ಹಾಕುವ ಹಾಗಿಲ್ಲ ಅಂದಿತು ಕೋರ್ಟ್. ಕಾರಣ, ಇಲ್ಲಿ ನಿಮಿಷಗಳು ಅಪರೂಪಕ್ಕೆ ಬಂದವಲ್ಲ. ಬಾಗಿಲು ಹಾಕುವ ಪ್ರತಿ ರಾತ್ರಿ ಬಂದವು. ಇನ್ನೂ ಮುಖ್ಯವಾಗಿ, ಕಂಪನಿಯ ಸಾಫ್ಟ್‌ವೇರೇ ಹಾಗಿತ್ತು. ಮೊದಲು ಕ್ಲಾಕ್ ಔಟ್ ಮಾಡಬೇಕು, ಆಮೇಲೆ ಮಾತ್ರ ಅಂಗಡಿ ಮುಚ್ಚುವ ಲೆಕ್ಕ ಕಳಿಸುವ ಕೆಲಸ ಶುರು. ಅಂದರೆ ಆ ನಿಮಿಷಗಳು ಕೆಲಸಗಾರನ ನಿಧಾನದಿಂದಲೋ ಮರೆವಿನಿಂದಲೋ ಹುಟ್ಟಿದ್ದಲ್ಲ. ಕೆಲಸದ ಕ್ರಮದಲ್ಲೇ ಹೆಣೆದು ಇಟ್ಟಿದ್ದವು. ನನ್ನ ಮಟ್ಟಿಗೆ ಈ ಕೇಸಿನ ತಿರುಳು ಇದೇ. ಒಂದು ರಾತ್ರಿಗೆ ಸರಾಸರಿ ಏಳು ನಿಮಿಷ ಅಂತ ಹಿಡಿದರೆ 12 ಗಂಟೆ 50 ನಿಮಿಷ ಅಂದರೆ ನೂರಹತ್ತು ರಾತ್ರಿ. ನೂರಹತ್ತು ಸಲ ಅದೇ ಕ್ರಮ, ಅದೇ ಬೀಗ, ಅದೇ ಸಂಬಳವಿಲ್ಲದ ನಡಿಗೆ.

ಲೆಕ್ಕ ಇಡುವುದು ಕಷ್ಟ ಎಂಬ ವಾದಕ್ಕೂ ಕೋರ್ಟ್ ಜಗ್ಗಲಿಲ್ಲ. 1946ರಿಂದ ಈಚೆಗೆ ತಂತ್ರಜ್ಞಾನ ಎಲ್ಲಿಂದ ಎಲ್ಲಿಗೋ ಹೋಗಿದೆ. ಹಾಗೂ ಕಷ್ಟವಾದರೆ ದಾರಿಗಳಿವೆ ಎಂದು ತೋರಿಸಿತು. ಕೆಲಸದ ಕ್ರಮವನ್ನೇ ಬದಲಿಸಿ, ಕ್ಲಾಕ್ ಔಟ್ ಕೊನೆಗೆ ಬರುವ ಹಾಗೆ ಮಾಡಿ. ಅದೂ ಆಗದಿದ್ದರೆ ಎಷ್ಟು ಸಮಯ ಹಿಡಿಯುತ್ತದೆ ಎಂದು ಅಳೆದು ನ್ಯಾಯವಾದ ಅಂದಾಜು ಹಾಕಿ ಕೊಡಿ. ಲೆಕ್ಕ ಕಷ್ಟ ಎನ್ನುವ ಕಾರಣಕ್ಕೆ ಪೂರ್ತಿ ನಷ್ಟವನ್ನು ಕೆಲಸಗಾರನೇ ಯಾಕೆ ಹೊರಬೇಕು? ಒಂದು ಲೋಟ ಕಾಫಿಯ ಮಾರಾಟವೂ ಬಿಡದೆ ಅದೇ ರಾತ್ರಿ ಕೇಂದ್ರ ಕಚೇರಿಗೆ ತಲುಪಿಸುವ ವ್ಯವಸ್ಥೆಗೆ, ಅದನ್ನು ತಲುಪಿಸಿದ ಮನುಷ್ಯನ ನಾಲ್ಕು ನಿಮಿಷ ಅಳೆಯಲು ಆಗುವುದಿಲ್ಲ ಎಂದರೆ ನಾನಂತೂ ಒಪ್ಪಲಾರೆ.

ಆಮೇಲೆ ನ್ಯಾಯಮೂರ್ತಿಗಳು ಆ 102 ಡಾಲರ್ 67 ಸೆಂಟ್ ವಿಷಯಕ್ಕೆ ಬಂದರು. ಅಷ್ಟು ಹಣದಲ್ಲಿ ಕರೆಂಟ್ ಬಿಲ್‌ನಂಥ ಒಂದು ಬಿಲ್ ಕಟ್ಟಬಹುದು, ಒಂದು ವಾರದ ದಿನಸಿ ತರಬಹುದು, ಒಂದು ತಿಂಗಳು ಬಸ್ಸಿನಲ್ಲಿ ಓಡಾಡಬಹುದು ಎಂಬ ಅರ್ಥದ ಮಾತು ತೀರ್ಪಿನಲ್ಲಿದೆ. ಗಂಟೆ ಲೆಕ್ಕದವರಿಗೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ ಎಂದು ದೊಡ್ಡ ಕೋರ್ಟೊಂದು ದಿನಸಿಯ ಭಾಷೆಯಲ್ಲಿ ಹೇಳಿದ್ದು ಓದಿ ನನಗೆ ನಿಜಕ್ಕೂ ಸಮಾಧಾನವಾಯಿತು.

ಹಾಗಂತ ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಸೆಕೆಂಡಿಗೂ ಸಂಬಳ ಖಾತ್ರಿ ಎಂದು ತಿಳಿಯಬೇಡಿ. ತೀರಾ ಚಿಕ್ಕದಾದ, ಯಾವಾಗಲೋ ಒಮ್ಮೆ ಬರುವ ಸಮಯದ ಬಗ್ಗೆ ಕೋರ್ಟ್ ಬಾಗಿಲು ಪೂರ್ತಿ ಮುಚ್ಚಲಿಲ್ಲ. ನ್ಯಾಯಮೂರ್ತಿ ಲಿಯಾಂಡ್ರಾ ಕ್ರೂಗರ್ ತಮ್ಮ ಪ್ರತ್ಯೇಕ ಟಿಪ್ಪಣಿಯಲ್ಲಿ ಒಂದು ಉದಾಹರಣೆ ಕೊಟ್ಟರು: ಶಿಫ್ಟ್ ಶುರು ಮಾಡಲು ಕಂಪ್ಯೂಟರಿಗೆ ಲಾಗಿನ್ ಆಗಬೇಕು, ಎಲ್ಲೋ ಅಪರೂಪಕ್ಕೆ ಸಾಫ್ಟ್‌ವೇರ್ ಕೈಕೊಟ್ಟು ಎರಡು ಮೂರು ನಿಮಿಷ ತಡವಾಗುತ್ತದೆ. ಅಂಥದ್ದು ಬೇರೆ ಮಾತು. ಆ ಗೆರೆ ಎಲ್ಲಿ ಎನ್ನುವುದು ಮುಂದಿನ ಕೇಸುಗಳಿಗೆ ಉಳಿಯಿತು. ಉಳಿದದ್ದು ಬಹಳ ದಿನವೇನಲ್ಲ. 2019ರಲ್ಲಿ ಅದೇ ಫೆಡರಲ್ ಮೇಲ್ಮನವಿ ಕೋರ್ಟಿಗೆ ನೈಕಿ ಅಂಗಡಿಗಳ ನೌಕರರ ಕೇಸ್ ಬಂತು. ಮನೆಗೆ ಹೊರಡುವಾಗ ಬ್ಯಾಗ್ ತಪಾಸಣೆಗೆ ನಿಲ್ಲುವ ಸಮಯದ ವಿಷಯ. ಸರಾಸರಿ 18.5 ಸೆಕೆಂಡ್ ಮಾತ್ರ ಎಂದು ಕಂಪನಿಯ ಕಡೆಯ ತಜ್ಞರು ಅಳೆದಿದ್ದರು. ಅದು ನಿಯಮಿತವಾಗಿ ನಡೆಯುವ ತಪಾಸಣೆ, ಬರೀ ಚಿಕ್ಕದು ಎಂಬ ಕಾರಣಕ್ಕೆ ತಳ್ಳಿಹಾಕುವ ಹಾಗಿಲ್ಲ ಎಂದು ಕೋರ್ಟ್ ಕೇಸನ್ನು ಮತ್ತೆ ಜೀವಂತ ಮಾಡಿತು.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಬೇಕು. ಯಾವ ರಾಜ್ಯದಲ್ಲಿ ಇದ್ದೀರಿ ಎನ್ನುವುದರ ಮೇಲೆ ಹಕ್ಕು ಬಹಳ ಬದಲಾಗುತ್ತದೆ. ತಪಾಸಣೆಯ ವಿಷಯವನ್ನೇ ನೋಡಿ. ನೆವಾಡಾದಲ್ಲಿ ಅಮೆಜಾನ್ ಗೋದಾಮುಗಳಿಗೆ ಜನ ಒದಗಿಸುತ್ತಿದ್ದ ಒಂದು ಏಜೆನ್ಸಿಯ ಕೆಲಸಗಾರರು, ಶಿಫ್ಟ್ ಮುಗಿದ ಮೇಲೆ ಕಳ್ಳತನ ತಡೆಯುವ ತಪಾಸಣೆಗೆ ಸುಮಾರು 25 ನಿಮಿಷ ಸಾಲಿನಲ್ಲಿ ನಿಲ್ಲಬೇಕು ಎಂದು ದೂರಿದ್ದರು. 2014ರಲ್ಲಿ ದೇಶದ ಸುಪ್ರೀಂ ಕೋರ್ಟ್ ಒಂಬತ್ತಕ್ಕೆ ಒಂಬತ್ತು ಮತದಿಂದ, ಫೆಡರಲ್ ಕಾನೂನಿನಡಿ ಇದಕ್ಕೆ ಸಂಬಳ ಇಲ್ಲ ಅಂದಿತು. ಅವರನ್ನು ಇಟ್ಟುಕೊಂಡದ್ದು ಪೆಟ್ಟಿಗೆ ತೆಗೆದು ಪ್ಯಾಕ್ ಮಾಡಲು, ತಪಾಸಣೆಗೆ ನಿಲ್ಲಲು ಅಲ್ಲ ಎಂಬ ತರ್ಕ. ಇಪ್ಪತ್ತೈದು ನಿಮಿಷ! 2020ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಆ್ಯಪಲ್ ಅಂಗಡಿಗಳ ಬ್ಯಾಗ್ ತಪಾಸಣೆಗೆ ಇದಕ್ಕೆ ತೀರಾ ಉಲ್ಟಾ ಹೇಳಿತು. ಕ್ಲಾಕ್ ಔಟ್ ಆದರೂ ಹೊರಗೆ ಹೋಗಲು ಬಿಡದೆ ನಿಲ್ಲಿಸಿಕೊಂಡರೆ ಆ ಹೊತ್ತು ಮಾಲೀಕನ ಹತೋಟಿಯದ್ದೇ, ಸಂಬಳ ಕೊಡಬೇಕು ಎಂದು. ಬ್ಯಾಗು, ಫೋನು ತರದೆ ಇದ್ದರೆ ತಪಾಸಣೆಯೇ ಇರುತ್ತಿರಲಿಲ್ಲವಲ್ಲ ಎಂದು ಕಂಪನಿ ವಾದಿಸಿತ್ತು. ಐಫೋನ್ ಇಲ್ಲದೆ ಯಾರೂ ಮನೆಯಿಂದ ಹೊರಡುವುದಿಲ್ಲ ಎಂಬರ್ಥದ ಕಂಪನಿ ಮುಖ್ಯಸ್ಥ ಟಿಮ್ ಕುಕ್ ಅವರ ಮಾತನ್ನೇ ಕೋರ್ಟ್ ಎತ್ತಿ ತೋರಿಸಿತು.

ಫೆಡರಲ್ ಕಾನೂನಿನಲ್ಲಿ ಇನ್ನೊಂದು ತೂತು ಇದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನೀವು ಗಂಟೆಗೆ 15 ಡಾಲರ್‌ಗೆ ವಾರಕ್ಕೆ 30 ಗಂಟೆ ಕೆಲಸ ಮಾಡುತ್ತೀರಿ ಅನ್ನೋಣ. ಸಿಗುವುದು 450 ಡಾಲರ್. ಮ್ಯಾನೇಜರ್ ವಾರಕ್ಕೆ ಅರ್ಧ ಗಂಟೆ ಪುಕ್ಕಟೆ ಕೆಲಸ ಮಾಡಿಸಿಕೊಂಡರು. 450ನ್ನು ಮೂವತ್ತೂವರೆ ಗಂಟೆಗೆ ಹಂಚಿದರೂ ಗಂಟೆಗೆ ಹದಿನಾಲ್ಕು ಮುಕ್ಕಾಲು ಡಾಲರ್ ಆಗುತ್ತದೆ. ಫೆಡರಲ್ ಕನಿಷ್ಠ ವೇತನ 2009ರಿಂದ 7 ಡಾಲರ್ 25 ಸೆಂಟ್‌ನಲ್ಲೇ ನಿಂತಿದೆ. ಅದಕ್ಕಿಂತ ಕೆಳಗೆ ಇಳಿಯಲಿಲ್ಲ, ವಾರಕ್ಕೆ 40 ಗಂಟೆಯೂ ಆಗಲಿಲ್ಲ. ಹಾಗಾಗಿ ಆ ಅರ್ಧ ಗಂಟೆಗೆ ಫೆಡರಲ್ ಕಾನೂನಿನಲ್ಲಿ ಕೇಳಲು ಸಾಮಾನ್ಯವಾಗಿ ಏನೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಸರಾಸರಿ ಮಾಡಲು ಬಿಡುವುದಿಲ್ಲ, ಪ್ರತಿ ಗಂಟೆಗೂ ಬೇರೆ ಬೇರೆ ಲೆಕ್ಕ. ಅದಕ್ಕೇ ನಿಮ್ಮ ರಾಜ್ಯದ ಕಾನೂನು ಏನು ಹೇಳುತ್ತದೆ ಎಂದು ಮೊದಲು ನೋಡಿ. ನಲವತ್ತು ಗಂಟೆ ದಾಟಿದವರ ವಿಷಯ ಬೇರೆ. ಅವರಿಗೆ ಅದೇ ಅರ್ಧ ಗಂಟೆಗೆ ಒಂದೂವರೆ ಪಟ್ಟು ಲೆಕ್ಕದಲ್ಲಿ 11 ಡಾಲರ್ 25 ಸೆಂಟ್ ಬರಬೇಕು. ಫೆಡರಲ್ ಕಾನೂನಿನಡಿ ಗೆದ್ದರೆ ಸಾಮಾನ್ಯವಾಗಿ ಬಾಕಿಯಷ್ಟೇ ಮೊತ್ತ ಇನ್ನೊಮ್ಮೆ ಪರಿಹಾರವಾಗಿ ಸಿಗುತ್ತದೆ, ವಕೀಲರ ಫೀಸನ್ನೂ ಮಾಲೀಕನೇ ಕೊಡಬೇಕಾಗುತ್ತದೆ.

ಕೇಳಲು ಗಡುವಿದೆ. ಫೆಡರಲ್ ಕಾನೂನಿನಲ್ಲಿ ಎರಡು ವರ್ಷ, ಬೇಕೆಂದೇ ಮಾಡಿದ ತಪ್ಪಾದರೆ ಮೂರು. ಕ್ಯಾಲಿಫೋರ್ನಿಯಾದಲ್ಲಿ ಮೂರು, ಕೆಲವು ದಾರಿಯಲ್ಲಿ ನಾಲ್ಕು. ಬಾಕಿ ಹಿಂದಕ್ಕೆ ಹಿಂದಕ್ಕೆ ಕರಗುತ್ತಾ ಹೋಗುತ್ತದೆ, ಆದ್ದರಿಂದ ಕೆಲಸ ಬಿಟ್ಟ ಮೇಲೆ ನೋಡೋಣ ಎಂದು ಕೂರಬೇಡಿ. ಫೆಡರಲ್ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್‌ಗೆ ದೂರು ಕೊಡಬಹುದು, ಕ್ಯಾಲಿಫೋರ್ನಿಯಾದಲ್ಲಿ ಲೇಬರ್ ಕಮಿಷನರ್ ಕಚೇರಿ ಇದೆ. ಎರಡು ಕಡೆಯೂ ಫೀಸಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ, ಶಿಫ್ಟ್ ಕಡಿಮೆ ಮಾಡಿದರೆ, ಅದೇ ಇನ್ನೊಂದು ಕಾನೂನು ಉಲ್ಲಂಘನೆ. ವೀಸಾದ ಭಯದಿಂದ ಬಾಯಿ ಮುಚ್ಚಿಕೊಂಡಿರುವವರೂ ಇದ್ದಾರೆ. ಮಾಡಿದ ಕೆಲಸಕ್ಕೆ ಸಂಬಳ ಕೇಳುವ ಹಕ್ಕು ವಲಸೆಯ ಸ್ಥಿತಿ ಏನೇ ಇದ್ದರೂ ಇರುತ್ತದೆ. ಆದರೆ ವೀಸಾದ ನಿಯಮ ಬೇರೆ, ಸಂಬಳದ ನಿಯಮ ಬೇರೆ. ನಿಮ್ಮ ವೀಸಾ ಅನುಮತಿ ಕೊಡದ ಕೆಲಸ ಮಾಡಿದ್ದರೆ, ದೂರು ಕೊಡುವ ಮೊದಲು ವಲಸೆ ವಕೀಲರ ಹತ್ತಿರ ಒಂದು ಮಾತು ಕೇಳಿ.

ಮಾಲೀಕನ ಕಡೆಯಿಂದ ಬರುವ ಇನ್ನೊಂದು ವಾದ, ‘ನನಗೆ ಗೊತ್ತೇ ಇರಲಿಲ್ಲ’ ಎನ್ನುವುದು. ಇದು ಹಗುರವಾದ ವಾದ ಅಲ್ಲ. ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು ಎಂದು ತೋರಿಸಬೇಕು. ಕಾಫಿ ಅಂಗಡಿಯ ಕೇಸಿನಲ್ಲಿ ಕ್ರಮವನ್ನು ಕಟ್ಟಿದ್ದು ಕಂಪನಿಯೇ, ಹಾಗಾಗಿ ಅದು ಸುಲಭವಾಗಿತ್ತು. ನಿಮ್ಮ ಕಡೆ ಅಷ್ಟು ಸ್ಪಷ್ಟವಾಗಿ ಇರದೆ ಇರಬಹುದು. ‘ಕ್ಲಾಕ್ ಔಟ್ ಮಾಡಿ, ಆಮೇಲೆ ಅದೊಂದು ಮುಗಿಸಿ ಹೋಗಿ’ ಎಂದು ಮ್ಯಾನೇಜರ್ ಬಾಯಲ್ಲಿ ಹೇಳುತ್ತಾರೆ, ಬರೆದು ಕೊಡುವುದಿಲ್ಲ. ಅಂಥ ಕಡೆ ನೀವೇ ಒಂದು ಮೆಸೇಜ್ ಕಳಿಸಿ: ‘ನೀವು ಹೇಳಿದ ಹಾಗೆ ಕ್ಲಾಕ್ ಔಟ್ ಆದ ಮೇಲೆ ಸ್ಟೋರ್ ರೂಮ್ ಗುಡಿಸಿ ಬೀಗ ಹಾಕಿದೆ, 9:40ಕ್ಕೆ ಹೊರಟೆ.’ ಜಗಳದ ಮಾತು ಒಂದೂ ಇಲ್ಲ. ಆದರೆ ಮ್ಯಾನೇಜರಿಗೆ ಗೊತ್ತಿತ್ತು ಎನ್ನುವುದಕ್ಕೆ ತಾರೀಕು ಸಮೇತ ಗುರುತು ಉಳಿಯಿತು.

ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಇಡಿ. ಕಂಪನಿಯ ಕಂಪ್ಯೂಟರಿನಲ್ಲಿ ಬೇಡ, ಕೆಲಸ ಬಿಟ್ಟ ದಿನ ಅದು ಕೈಗೆ ಸಿಗುವುದಿಲ್ಲ. ಕ್ಲಾಕ್ ಔಟ್ ಆದದ್ದು ಎಷ್ಟಕ್ಕೆ, ನಿಜವಾಗಿ ಹೊರಟದ್ದು ಎಷ್ಟಕ್ಕೆ, ನಡುವೆ ಏನು ಮಾಡಿದಿರಿ, ಜೊತೆಯಲ್ಲಿ ಯಾರಿದ್ದರು. ಅದೇ ರಾತ್ರಿ ಬರೆಯಿರಿ. ತಿಂಗಳ ಕೊನೆಯಲ್ಲಿ ನೆನಪಿಸಿಕೊಂಡು ಬರೆದದ್ದಕ್ಕೆ ಅಷ್ಟು ಬೆಲೆ ಇರುವುದಿಲ್ಲ. ಅಲಾರಂ ಆನ್ ಆದ ಹೊತ್ತು, ಪಾರ್ಕಿಂಗ್ ರಸೀದಿ, ಬಸ್ ಕಾರ್ಡ್, ಫೋನಿನಲ್ಲಿ ತೆಗೆದ ಶಿಫ್ಟ್ ಪಟ್ಟಿಯ ಫೋಟೋ, ಎಲ್ಲವೂ ಮುಂದೆ ಆ ನೋಟ್‌ಬುಕ್ಕಿಗೆ ಸಾಕ್ಷಿ ಹೇಳುತ್ತವೆ. ಒಂದು ಸಾಲು ಸಾಕು, ಹೀಗೆ: ‘ಮಂಗಳವಾರ. ಕ್ಲಾಕ್ ಔಟ್ 9:02. ಲೆಕ್ಕ ಕಳಿಸಿದೆ, ಅಲಾರಂ, ಬೀಗ. ಜೊತೆಯವರ ಬ್ಯಾಗ್ ಒಳಗೆ ಉಳಿದಿತ್ತು, ಮತ್ತೆ ಬಾಗಿಲು ತೆಗೆದೆ. ಹೊರಟದ್ದು 9:11.’